ನಲ್ಲಿ ನೀರಿನ ಋಣ: ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಸಿಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ನೆರೆಹೊರೆಯವರೇ,

ನಿಮ್ಮಲ್ಲಿ ಒಂದು ಬೇಡಿಕೆ ಇಟ್ಟು ಈ ಪತ್ರ ಬರೆಯುತ್ತಿದ್ದೇನೆ. ದಿನಕ್ಕೊಮ್ಮೆ, ಎರಡೇ ನಿಮಿಷ, ಮನೆಯಲ್ಲಿ ಕೈಗೆ ಸಿಗುವ ಯಾವುದಾದರೂ ಒಂದು ಸಾಮಾನ್ಯ ವಸ್ತುವನ್ನು ಮುಂದಿಟ್ಟುಕೊಂಡು ಅದು ಎಲ್ಲಿಂದ ಬಂತು, ಯಾರ ಯಾರ ಕೈ ದಾಟಿ ಬಂತು ಎಂದು ನೆನೆಯೋಣ. ನೆನೆದು ಅಷ್ಟಕ್ಕೇ ಸುಮ್ಮನಾಗದೆ, ಆ ಋಣದಲ್ಲಿ ಕಾಸಿನಷ್ಟನ್ನಾದರೂ ಅಂದೇ ತೀರಿಸೋಣ. ಇದನ್ನು ಯಾಕೆ ಮಾಡಬೇಕು, ಹೇಗೆ ಮಾಡಬಹುದು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸಮಾಧಾನವಾಗಿ ಓದಿ.

ನಮ್ಮ ನಾಡಿಗೆ ಇದು ಹೊಸ ವಿಷಯವಲ್ಲ. ಎಳ್ಳಮಾವಾಸ್ಯೆ ಬಂದರೆ ಕಲಬುರಗಿ, ಬೀದರ್, ವಿಜಯಪುರದ ಕಡೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಮೊದಲ ತುತ್ತು ಭೂಮಿಗೆ, ಆಮೇಲೆ ತಮ್ಮ ಊಟ. ಮಲೆನಾಡಿನವರು ಭೂಮಿ ಹುಣ್ಣಿಮೆಯಂದು ತೆನೆ ಕಟ್ಟುತ್ತಿರುವ ಗದ್ದೆಯನ್ನು ಬಸುರಿಯೆಂದೇ ತಿಳಿದು ಬಯಕೆಯ ಅಡುಗೆ ಮಾಡಿ ಬಡಿಸುತ್ತಾರೆ. ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ನೆಲಕ್ಕೆ ಹಾರೆ ಹಾಕುವುದಿಲ್ಲ. ಉತ್ತರ ಕರ್ನಾಟಕದ ಮಕ್ಕಳು ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಆಯುಧಪೂಜೆಯಲ್ಲಿ ಗ್ಯಾರೇಜಿನ ಸ್ಪ್ಯಾನರಿಗೂ ಕುಂಕುಮ ಬೀಳುತ್ತದೆ. ಕೆರೆ ಕೋಡಿ ಬಿದ್ದರೆ ಊರಿನವರು ಬಾಗಿನ ಕೊಡುತ್ತಾರೆ. ಈ ಆಚರಣೆ ಮಾಡುವವರಿಗೆಲ್ಲ ತಾವು ಯಾವುದಕ್ಕೆ ಕೈಮುಗಿಯುತ್ತಿದ್ದೇವೆ ಎಂಬುದು ಗೊತ್ತು. ಹೊಲ ಎದುರಿಗಿದೆ, ಎತ್ತು ಕೊಟ್ಟಿಗೆಯಲ್ಲಿದೆ, ಕೆರೆ ಊರ ಬಾಗಿಲಲ್ಲಿದೆ.

ನಮ್ಮ ಸ್ಥಿತಿ ಬೇರೆ. ನಮಗೆ ನೀರು ಬರುವುದು ಟೈಲ್ಸಿನ ಹಿಂದೆ ಅಡಗಿದ ಪೈಪಿನಿಂದ. ಬೆಳಕು ಬರುವುದು ಗೋಡೆಯೊಳಗಿನ ವೈರಿನಿಂದ. ಹಾಲು ನಾವು ಏಳುವ ಮೊದಲೇ ಬಾಗಿಲಿಗೆ ನೇತುಹಾಕಿದ ಚೀಲದಲ್ಲಿರುತ್ತದೆ. ಕಸ ರಾತ್ರಿ ಬಾಗಿಲಾಚೆ ಇಟ್ಟರೆ ಬೆಳಿಗ್ಗೆ ಇರುವುದಿಲ್ಲ. ಕೊಡುವ ಕೈಗಳೂ ಒಯ್ಯುವ ಕೈಗಳೂ ಕಾಣದಂತೆ ಕಟ್ಟಿದ ಮನೆಗಳು ಇವು. ಕಾಣದ್ದನ್ನು ಮನಸ್ಸು ಬೇಗ ಮರೆಯುತ್ತದೆ, ಮರೆತದ್ದನ್ನು ತನ್ನ ಹಕ್ಕಿನದೇ ಎಂದುಕೊಳ್ಳುತ್ತದೆ. ಆದ್ದರಿಂದ ನಮ್ಮಂಥವರಿಗೆ ವರ್ಷಕ್ಕೊಂದು ಹಬ್ಬ ಸಾಲದು. ದಿನಾ ನೆನಪು ಮಾಡಿಕೊಳ್ಳಬೇಕು.

ಮೊದಲ ದಿನಕ್ಕೆ ನೀರನ್ನೇ ಎತ್ತಿಕೊಳ್ಳೋಣ. ಬೆಂಗಳೂರಿಗೆ ತನ್ನದೇ ಆದ ದೊಡ್ಡ ಹೊಳೆಯಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ ಕೂತ ಊರು ಇದು. ಹಿಂದಿನವರು ಕೆರೆ, ಬಾವಿ, ಕಲ್ಯಾಣಿಗಳಲ್ಲಿ ಮಳೆನೀರು ಹಿಡಿದು ಬದುಕಿದರು. 1896ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಸೇರಿಕೊಂಡಿತು. ಇವೆರಡೂ ಅರ್ಕಾವತಿಯ ಕೊಡುಗೆ. ಊರು ಬೆಳೆದಂತೆ ಅರ್ಕಾವತಿ ಸಾಲದೆ ಹೋಯಿತು. 1974ರಲ್ಲಿ ಕಾವೇರಿ ನೀರು ತರುವ ಯೋಜನೆಯ ಮೊದಲ ಹಂತ ಶುರುವಾಯಿತು. ಅಲ್ಲಿಂದ ಹಂತಹಂತವಾಗಿ ಬೆಳೆದು, 2024ರ ಅಕ್ಟೋಬರ್ 16ರಂದು ಐದನೇ ಹಂತಕ್ಕೆ ಚಾಲನೆ ಸಿಕ್ಕಿತು.

ನದಿ ತಾನಾಗಿ ಬೆಂಗಳೂರಿಗೆ ಹರಿದು ಬರುವುದಿಲ್ಲ. ತಲಕಾವೇರಿಯಲ್ಲಿ ಹುಟ್ಟಿ, ಕನ್ನಂಬಾಡಿ ಕಟ್ಟೆಯಲ್ಲಿ ನಿಂತು, ಕೆಳಗೆ ಹರಿದ ನೀರು ಶಿವನಸಮುದ್ರದ ಬಳಿ ತಿರುವು ಪಡೆದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕ ಸೇರುತ್ತದೆ. ಅಲ್ಲಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಮೇಲೆತ್ತುತ್ತಾರೆ. ದೂರ ಸುಮಾರು 100 ಕಿಲೋಮೀಟರ್, ಎತ್ತರ ಸುಮಾರು 500 ಮೀಟರ್. ಜಲಮಂಡಳಿಯ ದೊಡ್ಡ ಖರ್ಚು ಈ ಪಂಪುಗಳ ಕರೆಂಟ್ ಬಿಲ್ಲೇ. ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅದಕ್ಕೂ ಮೊದಲಿನ ಹಂತಗಳಿಂದ ಸುಮಾರು 145 ಕೋಟಿ ಲೀಟರ್ ಬರುತ್ತಿತ್ತು. ಹಗಲು ರಾತ್ರಿ ಪಾಳಿಯಲ್ಲಿ ಆ ಪಂಪ್‌ಹೌಸುಗಳಲ್ಲಿ ಕೂತವರು, ಕ್ಲೋರಿನ್ ನೋಡಿಕೊಳ್ಳುವವರು, ಬೀದಿಯ ವಾಲ್ವ್ ತಿರುಗಿಸುವವರು, ಒಡೆದ ಪೈಪಿನ ಗುಂಡಿಯಲ್ಲಿ ಎದೆಮಟ್ಟ ನಿಂತು ರಿಪೇರಿ ಮಾಡುವವರು, ಇವರೆಲ್ಲರೂ ತಪ್ಪದೆ ತಮ್ಮ ಕೆಲಸ ಮಾಡಿದ ದಿನ ಮಾತ್ರ ನಮ್ಮ ನಲ್ಲಿಯಲ್ಲಿ ನೀರು.

ಆ ನೀರಿಗಾಗಿ ಬಿಟ್ಟುಕೊಟ್ಟವರೂ ಇದ್ದಾರೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಹಳೆಯ ಕನ್ನಂಬಾಡಿ ಮುಳುಗಿತು, ಸುತ್ತಲಿನ ಊರುಗಳೂ ಮುಳುಗಿದವು. ಅಲ್ಲಿನ ವೇಣುಗೋಪಾಲಸ್ವಾಮಿ ದೇವಾಲಯವನ್ನು ನಮ್ಮ ಕಾಲದಲ್ಲಿ ಕಲ್ಲು ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಊರು ಬಿಟ್ಟವರ ಹಿತ್ತಲು, ಬಾವಿ, ಗದ್ದೆಗಳು ನೀರಿನಡಿಯಲ್ಲೇ ಉಳಿದವು. ಮುಂದೆ 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಾಗ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75 ಟಿಎಂಸಿ ಅಡಿಯಲ್ಲಿ 4.75 ಟಿಎಂಸಿ ಅಡಿ ಬೆಂಗಳೂರಿನ ಕುಡಿಯುವ ನೀರಿಗೆಂದೇ ಇತ್ತು. ಮಳೆ ಕೈಕೊಟ್ಟ ವರ್ಷ ಕಟ್ಟೆಯಲ್ಲಿ ಉಳಿದ ನೀರು ಮೊದಲು ಕುಡಿಯಲಿಕ್ಕೆ, ಆಮೇಲೆ ಬೆಳೆಗೆ. ಅಂಥ ವರ್ಷ ಮಂಡ್ಯದ ನಾಲೆ ಒಣಗಿ ಕಬ್ಬು, ಭತ್ತ ಬಾಡುತ್ತಿರುವಾಗಲೂ ನಮ್ಮ ಷವರ್ ನಿಲ್ಲುವುದಿಲ್ಲ. ಇದನ್ನು ತಿಳಿದ ಮೇಲೆ ಮಂಡ್ಯದ ರೈತರು ರಸ್ತೆಗಿಳಿದ ಸುದ್ದಿ ಬಂದಾಗ ಟ್ರಾಫಿಕ್ ಜಾಮಿನ ಬಗ್ಗೆಯಷ್ಟೇ ಮಾತಾಡಲು ನಮಗೆ ಮನಸ್ಸು ಬರಬಾರದು.

2024ರ ಬೇಸಿಗೆ ನಿಮಗೆ ನೆನಪಿದೆ. ನಗರದ ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಬತ್ತಿದವು. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರಿನ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ಆಗ ನಮ್ಮ ಮನೆಗಳಲ್ಲಿ ಬಕೆಟ್ಟಿಗೆ ಮರ್ಯಾದೆ ಬಂತು. ಅಕ್ಕಿ ತೊಳೆದ ನೀರು ಕುಂಡಕ್ಕೆ ಹೋಯಿತು, ಬಟ್ಟೆ ಹಿಂಡಿದ ನೀರು ನೆಲ ಒರೆಸಲು ಉಳಿಯಿತು, ಮಕ್ಕಳೂ ನಲ್ಲಿ ಸಣ್ಣಗೆ ತಿರುಗಿಸಲು ಕಲಿತರು. ಯಾರೂ ಕೃತಜ್ಞತೆಯ ಪಾಠ ಹೇಳಿರಲಿಲ್ಲ, ಕೊರತೆಯೇ ಹೇಳಿಕೊಟ್ಟಿತು. ಮಳೆ ಬಂದು, ಐದನೇ ಹಂತದ ನೀರೂ ಬಂದ ಮೇಲೆ ಆ ಪಾಠ ಕಾರಿಡಾರಿನ ಮಾತಿನಿಂದ ಮರೆಯಾಯಿತು. ಕೊರತೆ ಬಂದಾಗ ಮಾತ್ರ ಬೆಲೆ ಗೊತ್ತಾಗುವುದಾದರೆ ಬೆಲೆ ತಿಳಿಯಲು ನಾವು ಪ್ರತಿಸಲವೂ ಕಷ್ಟಕ್ಕೇ ಕಾಯಬೇಕು. ನೀರು ತುಂಬಿ ಬರುತ್ತಿರುವ ದಿನವೇ ಅದನ್ನು ನೆನೆಯುವ ಅಭ್ಯಾಸ ಆಗಬೇಕೆಂದು ನಾನು ಕೇಳುತ್ತಿರುವುದು ಇದಕ್ಕೇ.

ಇನ್ನೊಂದು ಮಾತು. 2019ರ ಆಗಸ್ಟಿನಲ್ಲಿ ಜಲ ಜೀವನ್ ಮಿಷನ್ ಘೋಷಣೆಯಾದಾಗ ದೇಶದ ಗ್ರಾಮೀಣ ಮನೆಗಳಲ್ಲಿ ನಲ್ಲಿ ಸಂಪರ್ಕ ಇದ್ದದ್ದು ಶೇಕಡ 17ರಷ್ಟಕ್ಕೆ ಮಾತ್ರ. ನಾವು ಹುಟ್ಟಿದಾಗಿನಿಂದ ಇದೆ ಎಂದುಕೊಂಡ ನಲ್ಲಿ, ನಮ್ಮದೇ ದೇಶದ ಹೆಚ್ಚಿನ ಹಳ್ಳಿ ಮನೆಗಳಿಗೆ ಇತ್ತೀಚಿನವರೆಗೂ ಇರಲಿಲ್ಲ. ಆ ಮನೆಗಳಲ್ಲಿ ಕೊಡ ಹೊತ್ತವರು ಬಹುಪಾಲು ಹೆಂಗಸರು, ಹೆಣ್ಣುಮಕ್ಕಳು. ನಮ್ಮಲ್ಲಿ ಎಷ್ಟೋ ಜನರ ಅಜ್ಜಿ, ಅಮ್ಮಂದಿರ ಸೊಂಟದ ನೋವಿನ ಹಿಂದೆ ಅದೇ ಕೊಡಗಳಿವೆ. ಮನೆಯಲ್ಲಿ ಹಿರಿಯರಿದ್ದರೆ ಒಮ್ಮೆ ಕೂರಿಸಿಕೊಂಡು ಕೇಳಿ: ನಿಮ್ಮ ಊರಲ್ಲಿ ನೀರು ಎಲ್ಲಿಂದ ತರುತ್ತಿದ್ದಿರಿ, ಎಷ್ಟು ದೂರ ನಡೆಯುತ್ತಿದ್ದಿರಿ? ಮಕ್ಕಳು ಆ ಉತ್ತರ ಕೇಳಿಸಿಕೊಳ್ಳಲಿ.

ಬೇರೆ ವಸ್ತುಗಳಿಗೂ ಇಂಥದೇ ಹಿನ್ನೆಲೆ ಇದೆ. ಹಾಲಿನ ಪ್ಯಾಕೆಟ್ಟನ್ನು ತೆಗೆದುಕೊಳ್ಳಿ. ಹಳ್ಳಿಯ ಡೇರಿಯ ಮುಂದೆ ಬೆಳಿಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಸಾಲು ನಿಲ್ಲುವವರಿದ್ದಾರೆ. ಹಸುವಿಗೆ ಭಾನುವಾರದ ರಜೆ ಇಲ್ಲ, ಹಾಗಾಗಿ ಹಿಂಡುವವರಿಗೂ ಇಲ್ಲ. ಮಗಳ ಮದುವೆಯ ದಿನವೂ ಹುಲ್ಲು ಕೊಯ್ದು ತರಬೇಕು. ಅಳೆದು, ಪರೀಕ್ಷಿಸಿ, ತಣ್ಣಗೆ ಮಾಡಿ, ಪ್ಯಾಕ್ ಮಾಡಿ ರಾತ್ರಿಯೇ ಲಾರಿ ಹತ್ತಿಸಿದರೆ ಬೆಳಗಿನ ಕಾಫಿಗೆ ಹಾಲು. ಸ್ವಿಚ್ಚಿನದೂ ಹಾಗೆಯೇ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಶಿವನಸಮುದ್ರದ ನೀರಿನ ಬಲದಿಂದ. ಇವತ್ತಿಗೂ ಮಳೆಗಾಳಿಯಲ್ಲಿ ಮರ ಬಿದ್ದು ತಂತಿ ಹರಿದ ರಾತ್ರಿ ನಾವು ಕಿಟಕಿ ಮುಚ್ಚಿ ಒಳಗಿರುತ್ತೇವೆ, ಲೈನ್‌ಮನ್ ಕಂಬ ಹತ್ತಿರುತ್ತಾನೆ.

ತಂದುಕೊಡುವವರನ್ನು ನೆನೆಯುವುದು ಸುಲಭ. ಒಯ್ಯುವವರನ್ನು ನೆನೆಯುವುದು ಕಷ್ಟ, ಯಾಕೆಂದರೆ ಅಲ್ಲಿ ನಮ್ಮ ಸಂಕೋಚವೂ ಜಾತಿಯ ಹಳೆಯ ಅಸಹ್ಯವೂ ಅಡ್ಡ ಬರುತ್ತವೆ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತದ್ದು ಮಾವಳ್ಳಿಪುರ, ಮಂಡೂರಿನಂಥ ಊರುಗಳು. ಅಲ್ಲಿನವರು ವಾಸನೆ, ನೊಣ, ಹಾಳಾದ ಅಂತರ್ಜಲದ ವಿರುದ್ಧ ರಸ್ತೆಯಲ್ಲಿ ಕೂತು ಹೋರಾಡಿದ ಮೇಲೆ, 2014ರ ಕೊನೆಗೆ ಮಂಡೂರಿಗೆ ಕಸದ ಲಾರಿ ಹೋಗುವುದು ನಿಂತಿತು. ಮರುವರ್ಷ ಹಸಿ ಕಸಕ್ಕೊಂದು, ಒಣ ಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು ಎಂದು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೈಕೋರ್ಟ್ ಹೇಳಿತು. ಬೇರ್ಪಡಿಸದ ಕಸದಲ್ಲಿ ಕೈಯಾಡಿಸಬೇಕಾದವರು ಪೌರಕಾರ್ಮಿಕರು. ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತದೆ ಹಾಕಿದರೆ ಕುಯ್ಯುವುದು ಅವರ ಬೆರಳು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನ ಶಾಲು ಹೊದಿಸುವುದು ಒಳ್ಳೆಯದೇ. ಆದರೆ ಉಳಿದ 364 ದಿನ ಅವರಿಗೆ ಸಲ್ಲಬೇಕಾದ ಗೌರವ ನಮ್ಮ ಕಸದ ಬುಟ್ಟಿಯಲ್ಲಿದೆ.

ನಮ್ಮ ಕಟ್ಟಡಗಳ ನೆಲಮಾಳಿಗೆಯಲ್ಲಿರುವ ಕೊಳಚೆ ನೀರು ಶುದ್ಧೀಕರಣ ಘಟಕವನ್ನು, ಅಂದರೆ ಎಸ್‌ಟಿಪಿಯನ್ನು ನಿಮ್ಮಲ್ಲಿ ಎಷ್ಟು ಜನ ಹೋಗಿ ನೋಡಿದ್ದೀರಿ? ದಯವಿಟ್ಟು ಒಮ್ಮೆ ನೋಡಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇಂಥ ಗುಂಡಿಗೆ ಇಳಿದವರು ವಿಷಾನಿಲದಿಂದ ಸತ್ತ ಘಟನೆಗಳು ನಡೆದಿವೆ. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ, ಮ್ಯಾನ್‌ಹೋಲಿಗೆ ಇಳಿಸುವುದು ಅಪರಾಧ. ಮನುಷ್ಯರನ್ನು ಹೀಗೆ ಬಳಸುವುದು ಹೊಸದಲ್ಲ. ಶಿವನಸಮುದ್ರದ ವಿದ್ಯುತ್ತು ಮೊಟ್ಟಮೊದಲು, 1902ರಲ್ಲೇ, ತಲುಪಿದ್ದು ಕೋಲಾರದ ಚಿನ್ನದ ಗಣಿಗೆ. ಆದರೆ ಅದೇ ಕೆಜಿಎಫ್‌ನಲ್ಲಿ ಎಷ್ಟೋ ದಶಕಗಳ ನಂತರವೂ ಒಣ ಶೌಚಾಲಯಗಳ ಮಲವನ್ನು ಮನುಷ್ಯರು ಕೈಯಿಂದ ಬಳಿಯುತ್ತಿದ್ದರು. ಅಂಥ ಕುಟುಂಬದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಆ ಪದ್ಧತಿಯ ವಿರುದ್ಧ ದೇಶದುದ್ದಕ್ಕೂ ಹೋರಾಟ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಫ್ಲಶ್ ಒತ್ತಿದಾಗಲೆಲ್ಲ ಇಷ್ಟನ್ನೂ ನೆನೆಯಲಾಗದು. ತಿಂಗಳಿಗೊಮ್ಮೆಯಾದರೂ ನೆನೆದರೆ, ಯಂತ್ರದ ಖರ್ಚು ಹೆಚ್ಚಾಯಿತೆಂದು ಒಬ್ಬ ಮನುಷ್ಯನನ್ನು ಕೆಳಗಿಳಿಸುವ ಮಾತು ನಮ್ಮ ಅಸೋಸಿಯೇಷನ್ ಸಭೆಯಲ್ಲಿ ಎಂದೂ ಏಳುವುದಿಲ್ಲ.

ಬಳಸಿಬಿಟ್ಟ ನೀರಿಗೂ ಮುಂದೆ ದಾರಿಯಿದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಬತ್ತಿದ್ದ ಕೆರೆಗಳಲ್ಲಿ ನೀರು ನಿಂತಿತು. ಮೂರನೇ ಹಂತದ ಶುದ್ಧೀಕರಣವೂ ಬೇಕೆಂದು ಅಲ್ಲಿನ ರೈತ ಹೋರಾಟಗಾರರು ಕೇಳುತ್ತಲೇ ಇದ್ದಾರೆ. ನಾವು ಸಿಂಕಿಗೆ ಸುರಿಯುವ ಆಸಿಡ್, ಹಳೆಯ ಔಷಧಿ, ಎಣ್ಣೆ ಯಾರದೋ ಕೆರೆಯ ಕಡೆ ಹೊರಟಿರುತ್ತದೆ. ಮೇಲಿನವರು ಕೊಟ್ಟದ್ದಕ್ಕೆ ನಾವು ಋಣಿಗಳಾದರೆ, ಕೆಳಗಿನವರಿಗೆ ಏನು ಕಳಿಸುತ್ತೇವೆ ಎಂಬುದಕ್ಕೆ ಹೊಣೆಗಾರರು. ಕಾವೇರಿಗೆ ನಾವು ನೀರು ವಾಪಸ್ ಕೊಡಲಾರೆವು, ಕೋಲಾರಕ್ಕೆ ಹೋಗುವ ನೀರನ್ನು ಕೆಡಿಸದೆ ಕಳಿಸಬಲ್ಲೆವು.

ಕೆಲವರು ಕೇಳಬಹುದು, ನೆನೆಯುವುದರಿಂದ ನಮಗೇನು ಸಿಗುತ್ತದೆ ಎಂದು. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ವಾರಗಳ ಕಾಲ ಒಂದು ಗುಂಪು ಆ ವಾರ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆಯಿತು, ಇನ್ನೊಂದು ಕಿರಿಕಿರಿಗಳನ್ನು, ಮತ್ತೊಂದು ಬರೀ ನಡೆದ ಘಟನೆಗಳನ್ನು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ನೆಮ್ಮದಿಯಿಂದ, ಮುಂದಿನ ವಾರದ ಬಗ್ಗೆ ಹೆಚ್ಚು ಭರವಸೆಯಿಂದ ಮಾತಾಡಿದರು. ಆಮೇಲೆ ನಡೆದ ಅಧ್ಯಯನಗಳೂ ಲಾಭವಿದೆ, ಆದರೆ ಅದು ಸಾಧಾರಣ ಪ್ರಮಾಣದ್ದು ಎನ್ನುತ್ತವೆ. ನಿಮಗೆ ನೆಮ್ಮದಿ ಸಿಕ್ಕರೆ ಸಂತೋಷ. ನನಗೆ ಅದಕ್ಕಿಂತ ಮುಖ್ಯವಾದದ್ದು, ನೆನೆಯುವವನ ಕೈ ಬದಲಾಗುತ್ತದೆ ಎಂಬುದು. ಎಲ್ಲಿಂದ ಬಂತೆಂದು ಗೊತ್ತಿರುವ ನೀರನ್ನು ಹರಿಯಬಿಟ್ಟು ಹಲ್ಲುಜ್ಜಲು ಮನಸ್ಸಾಗುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಒಂದು, ಕೃತಜ್ಞತೆಯ ಹೆಸರಿನಲ್ಲಿ ದೂರು ನಿಲ್ಲಿಸಬೇಡಿ. ನಗರಕ್ಕೆ ಅಷ್ಟು ದೂರದಿಂದ ಎತ್ತಿ ತಂದ ನೀರಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೋರಿಕೆಯಲ್ಲೂ ಲೆಕ್ಕಕ್ಕೆ ಸಿಗದ ಬಳಕೆಯಲ್ಲೂ ಹೋಗುತ್ತದೆ. ಆ ನೀರಿನ ಬೆಲೆ ಬಲ್ಲವರೇ ಬೀದಿಯ ಸೋರಿಕೆಯ ಬಗ್ಗೆ ಮೊದಲು ಫೋನ್ ಮಾಡಬೇಕು, ಕೆಲಸವಾಗುವ ತನಕ ಬಿಡಬಾರದು. ಎರಡು, ಕೃತಜ್ಞತೆಯನ್ನು ನಮಗಿಂತ ದುರ್ಬಲರಿಂದ ಎಂದೂ ಕೇಳಬೇಡಿ. ಉಪ್ಪಿನ ಋಣದ ಹೆಸರು ಹೇಳಿಯೇ ನಮ್ಮ ಹಳ್ಳಿಗಳಲ್ಲಿ ತಲೆಮಾರುಗಟ್ಟಲೆ ಜನರನ್ನು ಜೀತಕ್ಕೆ ಕಟ್ಟಿಹಾಕಿದ್ದರು. ಅದನ್ನು ನಿಲ್ಲಿಸಲು 1976ರಲ್ಲಿ ಕಾನೂನೇ ಬೇಕಾಯಿತು. ‘ಇಷ್ಟು ವರ್ಷ ಕೆಲಸ ಕೊಟ್ಟಿದ್ದೇವೆ, ಸ್ವಲ್ಪವೂ ನಿಯತ್ತಿಲ್ಲ’ ಎಂದು ಮನೆಗೆಲಸಕ್ಕೆ ಬರುವ ಅಕ್ಕನ ಬಗ್ಗೆ, ಸೆಕ್ಯುರಿಟಿಯವರ ಬಗ್ಗೆ ಆಡುವ ಮಾತು ಆ ಹಳೆಯ ಮಾತಿನ ಮುಂದುವರಿಕೆ. ಸಂಬಳ ಏರಿಸಿ ಎಂದು ಅವರು ಕೇಳಿದರೆ ಅದು ಉಪಕಾರ ಮರೆತದ್ದಲ್ಲ. ನಮ್ಮ ನೆಲ ಒರೆಸಿ, ನಮ್ಮ ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ, ನಮ್ಮ ನಿದ್ದೆಯನ್ನು ಕಾದವರು ಅವರು. ಲೆಕ್ಕ ಹಾಕಿದರೆ ಬಾಕಿ ಇರುವುದು ನಮ್ಮ ಕಡೆ.

ಹಾಗೆಯೇ ನೋವಿನಲ್ಲಿರುವವರಿಗೆ ‘ಇರುವುದನ್ನು ನೋಡಿ ಸಮಾಧಾನ ಪಡು’ ಎಂದು ಉಪದೇಶ ಮಾಡುವುದು ಬೇಡ. ಮನೆಯಲ್ಲಿ ಸಾವು, ಕಾಯಿಲೆ, ಕೆಲಸ ಹೋದ ಕಷ್ಟ ಇರುವವರ ಪಕ್ಕ ಸುಮ್ಮನೆ ಕೂರುವುದು, ಒಂದು ಹೊತ್ತಿನ ಊಟ ಕಳಿಸುವುದು ಮೇಲು.

ಇನ್ನು ಅಭ್ಯಾಸದ ಮಾತು. ನನ್ನ ಸಲಹೆ ಸರಳ. ರಾತ್ರಿಯ ಊಟಕ್ಕೆ ಕೂತಾಗ ಮನೆಯವರಲ್ಲಿ ಒಬ್ಬರು ಒಂದು ವಸ್ತುವಿನ ಹೆಸರು ಹೇಳಲಿ. ಅದು ಸಣ್ಣದಾಗಿರಲಿ, ಕಣ್ಣೆದುರಿನದಾಗಿರಲಿ: ಉಪ್ಪು, ಚಪ್ಪಲಿ, ಬೆಂಕಿಪೊಟ್ಟಣ, ಕನ್ನಡಕ, ಲಿಫ್ಟು, ಹುಣಸೆಹಣ್ಣು. ಅದು ನಮ್ಮ ತಟ್ಟೆಗೆ, ನಮ್ಮ ಕಾಲಿಗೆ ಹೇಗೆ ಬಂತೆಂದು ಎಲ್ಲರೂ ಸೇರಿ ಹುಡುಕಿ. ಹುಣಸೆಹಣ್ಣಿನ ಬೀಜ ಬಿಡಿಸಿದವರು ಯಾರು, ಎಷ್ಟು ಕೂಲಿಗೆ? ಗೊತ್ತಿಲ್ಲದಿದ್ದರೆ ಮಾರನೆ ದಿನ ಅಂಗಡಿಯವರನ್ನು ಕೇಳಿ. ‘ಎಲ್ಲದಕ್ಕೂ ಧನ್ಯವಾದ’ ಎಂದು ಒಟ್ಟಾಗಿ ಹೇಳಿಬಿಟ್ಟರೆ ಮೂರನೆಯ ದಿನಕ್ಕೆ ಅದು ಬಾಯಿಪಾಠವಾಗುತ್ತದೆ. ಒಂದೊಂದನ್ನೇ ಹಿಡಿದರೆ ಅದು ದಿನಕ್ಕೊಂದು ಹೊಸ ಊರು, ಹೊಸ ಕಸುಬು ತೋರಿಸುತ್ತದೆ.

ಆಮೇಲೆ ಅಂದೇ ಒಂದು ಸಣ್ಣ ಮರುಪಾವತಿ. ನೀರಿನ ದಿನ ತೊಟ್ಟಿಕ್ಕುವ ನಲ್ಲಿಯ ವಾಷರ್ ಬದಲಿಸಿ. ಕಸದ ದಿನ ಗಾಜನ್ನು ಪೇಪರಿನಲ್ಲಿ ಸುತ್ತಿ ಮೇಲೆ ಬರೆಯಿರಿ. ಅನ್ನದ ದಿನ ತಟ್ಟೆಯಲ್ಲಿ ಅಗುಳು ಬಿಡಬೇಡಿ. ಮನೆಗೆ ಸಾಮಾನು ತಂದ ಹುಡುಗನಿಗೆ ಒಂದು ಲೋಟ ನೀರು ಕೊಡಿ, ಲಿಫ್ಟಿನಲ್ಲಿ ಬರಲು ಬಿಡಿ. ನಮ್ಮ ಕಟ್ಟಡದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಹೆಸರು ಕಲಿತು, ಆ ಹೆಸರಿನಿಂದಲೇ ಕರೆಯಿರಿ. ಅವರು ಕೂರಲು ಕುರ್ಚಿ, ಬಳಸಲು ಶುಚಿಯಾದ ಶೌಚಾಲಯ, ಊಟಕ್ಕೆ ನೆರಳಿನ ಜಾಗ ಇದೆಯೇ ಎಂದು ಹೋಗಿ ನೋಡಿ. ಇಲ್ಲದಿದ್ದರೆ ಅದನ್ನು ಒದಗಿಸುವುದೇ ಆ ವಾರದ ಕೃತಜ್ಞತೆ.

ಅಸೋಸಿಯೇಷನ್‌ಗಳಿಗೆ ನನ್ನ ಕೋರಿಕೆ ಬೇರೆಯೇ ಇದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮೂರನ್ನು ಸೇರಿಸಿ: ಪ್ರತಿ ಮನೆಗೂ ನೀರಿನ ಮೀಟರು, ಕೆಟ್ಟಿರುವ ಮಳೆನೀರು ಕೊಯ್ಲಿನ ಗುಂಡಿಯ ದುರಸ್ತಿ, ಮತ್ತು ಎಸ್‌ಟಿಪಿ ಗುಂಡಿಗೆ ಯಂತ್ರವಲ್ಲದೆ ಮನುಷ್ಯರು ಇಳಿಯುವಂತಿಲ್ಲ ಎಂಬ ಲಿಖಿತ ನಿರ್ಣಯ. ವರ್ಷಕ್ಕೊಮ್ಮೆ ಮಕ್ಕಳನ್ನು ಕರೆದುಕೊಂಡು ಒಂದು ಕೆರೆಯನ್ನೋ, ಒಂದು ಹಳ್ಳಿಯ ಡೇರಿಯನ್ನೋ, ಕಸ ಬೇರ್ಪಡಿಸುವ ಕೇಂದ್ರವನ್ನೋ ನೋಡಿ ಬನ್ನಿ.

ನಮ್ಮ ಹಿರಿಯರು ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದರು. ನಮಗೆ ಉಪ್ಪಿಟ್ಟವರು ಒಬ್ಬಿಬ್ಬರಲ್ಲ, ಸಾವಿರಾರು ಜನ, ಹೆಚ್ಚಿನವರ ಮುಖ ನಾವು ನೋಡಿಯೇ ಇಲ್ಲ. ಅಷ್ಟೂ ಜನರ ಋಣವನ್ನು ಒಬ್ಬರು ಒಂದು ಜನ್ಮದಲ್ಲಿ ತೀರಿಸಲಾರರು. ದಿನಕ್ಕೊಬ್ಬರದನ್ನು ತಿಳಿದು, ತಿಳಿದಷ್ಟಕ್ಕೆ ನಮ್ಮ ನಡವಳಿಕೆಯನ್ನು ತಿದ್ದಿಕೊಳ್ಳಬಹುದು. ಇವತ್ತು ರಾತ್ರಿಯ ಊಟದಿಂದಲೇ ಶುರು ಮಾಡಿ. ಮುಂದಿನ ಸಭೆಗೆ ಬರುವಾಗ ನೀವು ಹುಡುಕಿದ ಒಂದು ವಸ್ತುವಿನ ಕಥೆಯನ್ನೂ ಅದಕ್ಕೆ ನೀವು ಮಾಡಿದ ಮರುಪಾವತಿಯನ್ನೂ ತನ್ನಿ. ನಾನೂ ತರುತ್ತೇನೆ.

ಇಂತಿ,
ನಿಮ್ಮ ನೆರೆಯವಳು